ಕಬ್ಬಿಣದ ಪಕ್ಕ ಕೂತವರು

ಒಂದು ತುತ್ತಿನೊಳಗೆ ಶಿವ ಏನೇನು ಬಚ್ಚಿಟ್ಟಿದ್ದಾನೆ ಎಂದು ತಿಳಿಯಲು ಮನುಷ್ಯನಿಗೆ ಬಹಳ ಕಾಲ ಹಿಡಿಯಿತು. ತಿಳಿದ ಮೇಲೆ ಅವನು ಸುಮ್ಮನೆ ಕೂರಲಿಲ್ಲ. ಬಚ್ಚಿಟ್ಟದ್ದನ್ನೆಲ್ಲ ಹೊರಗೆ ತೆಗೆದು, ಬೇರೆಬೇರೆ ಡಬ್ಬಿಗೆ ಹಾಕಿ, ಆ ಡಬ್ಬಿಗಳಿಗೆಲ್ಲ ಒಂದು ಪೆಟ್ಟಿಗೆ ಮಾಡಿ, ಮನೆಮನೆಯ ಅಡುಗೆಮನೆಯ ಗೋಡೆಗೆ ತೂಗುಹಾಕಿದ. ಈ ಸಂಗತಿ ನಡೆದದ್ದು ಆ ಪೆಟ್ಟಿಗೆ ಬಂದು ಆರು ವರ್ಷವಾದ ಮೇಲೆ, ಸಂಗಮನಾಳ ಎಂಬ ಊರಿನಲ್ಲಿ.

ಪೆಟ್ಟಿಗೆಗೆ ಸರ್ಕಾರ ಇಟ್ಟ ಹೆಸರು ಅನ್ನಪೂರ್ಣಿ. ಅದರ ಜೊತೆಗೆ ಮನೆಯವರ ಕೈಗೆಲ್ಲ ಒಂದೊಂದು ತೆಳ್ಳನೆಯ ಕಂಕಣ. ಕಂಕಣದ ಒಳಮೈಯಿಂದ ಸಣ್ಣ ಬೆಳಕು ಚರ್ಮದಾಚೆ ಹೋಗಿ ರಕ್ತವನ್ನು ನೋಡಿ ಬರುತ್ತಿತ್ತು. ಕಬ್ಬಿಣ ಎಷ್ಟಿದೆ, ಸುಣ್ಣ ಎಷ್ಟಿದೆ, ಸತು, ತಾಮ್ರ, ಎ, ಬಿ, ಸಿ, ಡಿ ಜೀವಸತ್ವಗಳು ಎಷ್ಟೆಷ್ಟಿವೆ ಎಂದು ಪೆಟ್ಟಿಗೆಗೆ ಹೇಳುತ್ತಿತ್ತು. ಯಾವುದು ಕಡಿಮೆಯೋ ಅದನ್ನು ಪೆಟ್ಟಿಗೆ ಬೆಳಗಿನ ಹೊತ್ತು ಒಂದು ಚಮಚ ಪುಡಿಯಾಗಿ ಬಟ್ಟಲಿಗೆ ಸುರಿಯುತ್ತಿತ್ತು. ಅಷ್ಟೇ. ಸೊಪ್ಪುಪಲ್ಯ ಬೆಳೆಯದವರಿಗೂ, ಕಾಳು ಕೊಳ್ಳಲಾರದವರಿಗೂ ಸಿಗಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಅದನ್ನು ಮಾಡಿದ್ದರು.

"ದಾಕ್ಷಿ, ಮೂಗು ಮುಚ್ಚಿಕೊಂಡು ಕುಡಿ ನನ್ನವ್ವಾ. ಪ್ರಸಾದಕ್ಕ ಮುಖ ಸಿಂಡರಿಸಬಾರದು" ಎಂದಳು ಬಂಗಾರೆವ್ವ.

"ಪ್ರಸಾದ ಮೊಳೆ ನೆಕ್ಕಿದಂಗ ಹತ್ತತೈತ್ರಿ ಅತ್ತಿ."

"ಮೊಳೀನಽ ಬೇಕಾಗೇತಿ ನಿನಗ. ಡಾಕ್ಟರವ್ವ ಏನಂದಾಳ, ಮರತಿಯೇನು?"

ದಾಕ್ಷಾಯಣಿ ಮರೆತಿರಲಿಲ್ಲ. ಅವಳಿಗೆ ಏಳು ತಿಂಗಳು ಮುಗಿದು ಎಂಟರಲ್ಲಿ ಬಿದ್ದಿತ್ತು. ಮೊದಲ ಹೆರಿಗೆಯಲ್ಲಿ ರಕ್ತ ನಿಲ್ಲದೆ ಹರಿದು, ಮಗಳು ಉಳಿದು, ತಾಯಿಯೂ ಉಳಿದದ್ದು ಊರ ದೈವದ ಪುಣ್ಯ ಎಂದು ಎಲ್ಲರೂ ಆಡಿಕೊಂಡಿದ್ದರು. ಈ ಸಲ ಅವಳ ರಕ್ತದ ಅಂಕಿ ಏಳೂ ಮುಕ್ಕಾಲಿನ ಹತ್ತಿರ ನಿಂತುಬಿಟ್ಟಿತ್ತು. ಹೆರಿಗೆಯ ಹೊತ್ತಿಗೆ ಹತ್ತರ ಮೇಲಾದರೂ ಏರದಿದ್ದರೆ, ಹೋದ ಸಲದಷ್ಟು ರಕ್ತ ಹೋದರೆ ಅವಳು ತಾಳುವುದು ಕಷ್ಟ ಎಂದು ತಾಲೂಕು ಆಸ್ಪತ್ರೆಯ ಡಾಕ್ಟರು ಬಿಚ್ಚಿಯೇ ಹೇಳಿದ್ದಳು.

ಬಂಗಾರೆವ್ವ ಸೊಸೆಗೆ ಕೊಡುವ ಬಟ್ಟಲನ್ನು ಬೆಳಗಿನ ಲಿಂಗಪೂಜೆ ಮುಗಿಸಿಯೇ ಮುಟ್ಟುತ್ತಿದ್ದಳು. ಎಮ್ಮೆಯ ಹಾಲಿಗೆ ಪುಡಿ ಹಾಕಿ, ಮೂರು ಉಕ್ಕು ಬರುವತನಕ ಕುದಿಸಿ, ಖಾಲಿ ಹೊಟ್ಟೆಯಲ್ಲಿ ಕುಡಿಸುತ್ತಿದ್ದಳು. ಪುಡಿ ಮೊದಲು ಊರಿಗೆ ಬಂದಾಗ ಮಠದ ಅಂಗಳದಲ್ಲೇ ಹಂಚಿದ್ದರು. ಅಂದು ಮಠದ ಸ್ವಾಮಿಗಳಾದ ಅಜ್ಜನವರು, "ಇದನ್ನ ಪ್ರಸಾದ ಅಂತ ತಿಳೀರಿ" ಎಂದಿದ್ದರು. ಪ್ರಸಾದವನ್ನು ಪಲ್ಯದ ಮೇಲೆ ಚೆಲ್ಲಿ, ಎಂಜಲು ಮುಸುರೆಯ ಜೊತೆ ಕಲೆಸುವುದುಂಟೆ? ಬಂಗಾರೆವ್ವ ಹಾಲಿಗೆ ಹಾಕಿದಳು. ಅವಳು ಮಠದ ದಾಸೋಹದಲ್ಲಿ ಮೂವತ್ತು ವರ್ಷದಿಂದ ಬಡಿಸುವವಳು; ಅವಳು ಮಾಡಿದ್ದನ್ನು ಊರ ಹೆಂಗಸರೆಲ್ಲ ಮಾಡಿದರು. ಪುಡಿ ಕುಡಿದ ಮೇಲೆ ಪುಂಡಿಪಲ್ಯ ಯಾಕೆ, ಮಡಕಿಕಾಳು ಮೊಳಕೆ ಬರಿಸುವ ಗೋಜು ಯಾಕೆ ಎಂದು ಅಡುಗೆಯೂ ಸಣ್ಣದಾಯಿತು. ಅನ್ನ, ಸಾರು, ಮೇಲೊಂದು ಚಹಾ.

ಆ ದಿನವೂ ದಾಕ್ಷಾಯಣಿ ಬಟ್ಟಲು ಖಾಲಿ ಮಾಡಿ, ಚಹಾ ಕುಡಿದು, ಹಿತ್ತಿಲಿಗೆ ಹೋಗಿ ಎಲ್ಲವನ್ನೂ ಕಾರಿಕೊಂಡಳು. ಬಂಗಾರೆವ್ವ ಅವಳ ಬೆನ್ನು ನೀವಿ, ಬಾಯಿಗೆ ನೀರು ಕೊಟ್ಟು, ತನ್ನ ಕಂಕಣವನ್ನು ಎಂದಿನಂತೆ ಗೋಡೆಯ ಮೊಳೆಯ ಮೇಲೇ ಬಿಟ್ಟು ಮಠಕ್ಕೆ ಹೊರಟಳು. ಬಡಿಸುವವಳ ಮಣಿಕಟ್ಟು ಬರಿದಾಗಿರಬೇಕು, ಅನ್ನಕ್ಕೆ ಏನೂ ತಾಗಬಾರದು ಎಂಬುದು ಅವಳ ಅತ್ತೆ ಹಾಕಿಕೊಟ್ಟ ನೇಮ. ಸಂಜೆ ಬಂದ ಮೇಲೆ ಅದನ್ನು ತೊಡಲು ಅವಳಿಗೆ ನೆನಪೇ ಆಗುತ್ತಿರಲಿಲ್ಲ.

*

ಜಿಲ್ಲೆಯ ಅನ್ನಕೇಂದ್ರದಲ್ಲಿ ಒಂದು ಗೋಡೆಯ ತುಂಬ ಪರದೆ. ಪರದೆಯ ತುಂಬ ಚುಕ್ಕಿ. ಒಂದೊಂದು ಚುಕ್ಕಿ ಒಂದೊಂದು ಜೀವ. ನೆಟ್ಟಗಿದ್ದವರದು ಹಸಿರು, ಕೊರತೆಯಿದ್ದವರದು ಕೆಂಪು. ಆ ಪರದೆಯನ್ನು ನೋಡಿಕೊಳ್ಳುವವಳು ಡಾ. ನೀಲಾಂಬಿಕಾ ಹೊಸಮನಿ. ಪೆಟ್ಟಿಗೆಗೆ ಬುದ್ಧಿ ಬರೆದವರಲ್ಲಿ ಅವಳೂ ಒಬ್ಬಳು. ಅವಳ ಜೊತೆಗೆ ಯಂತ್ರಗಳನ್ನು ರಿಪೇರಿ ಮಾಡುವ ಫಕೀರಸಾಬ್ ನದಾಫ್. ನಿವೃತ್ತಿಗೆ ಇನ್ನೊಂದು ವರ್ಷ ಉಳಿದವನು.

"ಮೇಡಂ, ಸಂಗಮನಾಳ ಮತ್ತ ಕೆಂಪು" ಎಂದ ಫಕೀರಸಾಬ್. "ಕೆಂಪಂದ್ರ ಬರೇ ಹೆಣ್ಣುಮಕ್ಕಳದು. ಅರವತ್ತೊಂದು ಮಂದಿ."

"ಹೋದ ತಿಂಗಳು ಕಂಕಣ ಬದಲಿ ಮಾಡಿ ಬಂದಿದ್ದಿರಲ್ಲ?"

"ಮಾಡೇನ್ರಿ. ಕಂಕಣ ಖರೇನಽ ಹೇಳಾಕ ಹತ್ಯಾವ. ನಾನಽ ಕಟಗೊಂಡು ನೋಡಿದೆ. ನನ್ನ ಸಕ್ಕರಿ ಸುದ್ದಾ ಹಿಡೀತು, ಹಾಳಾದ್ದು."

ನೀಲಾಂಬಿಕಾ ದಾಕ್ಷಾಯಣಿಯ ಚುಕ್ಕಿಯನ್ನು ತೆರೆದಳು. ಗರ್ಭಿಣಿಯರ ಚುಕ್ಕಿಗೆ ಸುತ್ತ ಒಂದು ಬಿಳಿ ಗೆರೆ ಇರುತ್ತಿತ್ತು. ಆರು ತಿಂಗಳ ಚರಿತ್ರೆ ಪರದೆಯ ಮೇಲೆ ಬಂತು. ಮೊದಲು ಕಬ್ಬಿಣ ಕಡಿಮೆ. ಪೆಟ್ಟಿಗೆ ಕಬ್ಬಿಣ ಹೆಚ್ಚಿಸಿತು. ಕಬ್ಬಿಣ ಹೆಚ್ಚಾದದ್ದಕ್ಕೆ ಸತು ಒಳಗೆ ಹೋಗಲಾರದೆ ಸತು ಕಡಿಮೆಯಾಯಿತು. ಪೆಟ್ಟಿಗೆ ಸತು ಹೆಚ್ಚಿಸಿತು. ಸತು ಹೆಚ್ಚಾದದ್ದಕ್ಕೆ ತಾಮ್ರ ಹಿಂದೆ ಬಿತ್ತು. ತಾಮ್ರವಿಲ್ಲದೆ ಒಳಗೆ ಸೇರಿದ ಚೂರುಪಾರು ಕಬ್ಬಿಣವೂ ರಕ್ತಕ್ಕೆ ಬರದೆ ಮೂಲೆಯಲ್ಲಿ ಕೂತಿತು. ಕಬ್ಬಿಣ ಕಡಿಮೆ ಎಂದು ಪೆಟ್ಟಿಗೆ ಮತ್ತೆ ಕಬ್ಬಿಣ ಸುರಿಯಿತು.

"ಒಬ್ಬರ ಕಾಲು ಒಬ್ಬರು ಎಳಿಯಾಕ ಹತ್ಯಾರಲ್ರಿ" ಎಂದ ಫಕೀರಸಾಬ್, ಕನ್ನಡಕ ಏರಿಸಿ.

ಇದೆಲ್ಲ ನೀಲಾಂಬಿಕಾಳಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಓದಿದ್ದಳು, ಓದಿಸಿದ್ದಳು. ಆದರೆ ಪೆಟ್ಟಿಗೆಗೆ ಬುದ್ಧಿ ಬರೆಯುವಾಗ ಹದಿನಾಲ್ಕು ಸತ್ವಗಳನ್ನು ಹದಿನಾಲ್ಕು ಒಂಟಿ ಗೆರೆಗಳಾಗಿ ಬರೆದಿದ್ದರು. ಒಂದರ ಮೇಲೊಂದರ ಪರಿಣಾಮವನ್ನೂ ಸೇರಿಸಿದರೆ ಕೆಲಸ ಎರಡು ವರ್ಷ ತಡವಾಗುತ್ತಿತ್ತು. ಮುಂದೆ ಸೇರಿಸೋಣ ಎಂದಿದ್ದಳು. ಆ ಮುಂದೆ ಬಂದಿರಲಿಲ್ಲ.

ಆದರೂ ಒಂದು ಒಗಟು ಉಳಿಯಿತು. ಇದೇ ಪೆಟ್ಟಿಗೆ ನಲವತ್ತು ಊರಿನಲ್ಲಿತ್ತು. ಉಳಿದ ಊರುಗಳು ಹೇಗೋ ಹಸಿರಾಗಿದ್ದವು. ಸಂಗಮನಾಳ ಮಾತ್ರ ಯಾಕೆ?

"ಮತ್ತ ಇದೊಂದು ಬೂದು ಚುಕ್ಕಿ" ಎಂದು ಫಕೀರಸಾಬ್ ಬೆರಳು ತೋರಿದ. "ಆರು ವರ್ಷದಾಗ ಒಮ್ಮೆಯೂ ಮಾಹಿತಿ ಕೊಟ್ಟಿಲ್ಲ. ಅದಽ ಮನಿ. ಅತ್ತಿ ಇರಬೇಕು."

"ಅದನ್ನ ಆಮೇಲೆ ನೋಡೋಣ. ನಾಳೆ ನಾನೇ ಹೋಗ್ತೀನಿ" ಎಂದಳು ನೀಲಾಂಬಿಕಾ.

*

ಅವಳು ಸಂಗಮನಾಳ ಮುಟ್ಟಿದಾಗ ಮಧ್ಯಾಹ್ನದ ದಾಸೋಹದ ಹೊತ್ತು. ಬಂಗಾರೆವ್ವ ಮಠದಲ್ಲಿದ್ದಾಳೆ ಎಂದರು. ನೀಲಾಂಬಿಕಾ ಅಲ್ಲಿಗೇ ಹೋದಳು. ಕಲ್ಲಿನ ಕಂಬಗಳ ಪಡಸಾಲೆ. ಉದ್ದಕ್ಕೆ ಹಾಸಿದ ಚಾಪೆ. ಜನ ಬಂದಂತೆ ಬಂಗಾರೆವ್ವ ನಿಂತಲ್ಲಿಂದಲೇ ಕೈ ತೋರಿಸುತ್ತಿದ್ದಳು: ನೀ ಇಲ್ಲಿ, ನೀ ಅಲ್ಲಿ, ನೀ ತುಸು ತಡಿ.

"ಪೆಟ್ಟಿಗಿ ಡಾಕ್ಟರವ್ವಾರು ಅಂದ್ರ ನೀವಽ ಏನ್ರಿ? ಮೊದಲ ಉಣ್ರಿ, ಆಮ್ಯಾಲೆ ಮಾತು. ಇಲ್ಲಿ ಬ್ಯಾಡ, ಆ ಕಂಬದ ಕಡೆ ಕುಂಡ್ರಿ."

"ಇಲ್ಲೂ ಜಾಗ ಇದೆಯಲ್ಲಾ ಅವ್ವಾ?"

"ಜಾಗ ಐತಿ. ಆದ್ರ ಅದು ನಿಮ್ಮ ಜಾಗ ಅಲ್ಲ" ಎಂದು ಬಂಗಾರೆವ್ವ ನಕ್ಕಳು.

ಊಟವಾಗಿ ಜನ ಎದ್ದುಹೋದ ಮೇಲೆ ಬಂಗಾರೆವ್ವ ಕಂಬಕ್ಕೆ ಒರಗಿ, ನಿಂತುಕೊಂಡೇ ಒಂದು ಲೋಟ ಹಾಲಿನ ಚಹಾದಲ್ಲಿ ತಂಗಳ ರೊಟ್ಟಿ ಅದ್ದಿ ತಿಂದಳು. ಅದೇ ಅವಳ ಊಟ. ನೀಲಾಂಬಿಕಾ ಪಕ್ಕಕ್ಕೆ ಬಂದು ನಿಂತು, ಜನರನ್ನು ಯಾಕೆ ಹಾಗೆ ಕೂರಿಸುತ್ತೀರಿ ಎಂದು ಕೇಳಿದಳು.

"ಪಂಗತಿ ಅಂದ್ರ ಸುಮ್ನ ಅಲ್ರಿ" ಎಂದಳು ಬಂಗಾರೆವ್ವ. "ಆ ತುದೀಗೆ ಕುಂತಿದ್ದನಲ್ಲ, ತೆಳ್ಳಗ, ಬಸಲಿಂಗ? ಅವಗ ಬಾಳ ನಾಚಿಗಿ. ಹಸಿದು ಸತ್ರೂ 'ಇನ್ನೊಂದು ಹಾಕ್ರಿ' ಅನ್ನಾಂವ ಅಲ್ಲ. ಅವನ ಬಾಜೂಕ ಶಂಕ್ರೆವ್ವನ್ನ ಕುಂಡ್ರಸ್ತೀನಿ. ಆಕಿ ಬಾಯಿ ದೊಡ್ಡದು. 'ಏ, ಇವಗ ಹಾಕ್ರಿ' ಅಂತ ಒದರತಾಳ. ಅವ ಎರಡು ರೊಟ್ಟಿ ಉಂಡು ಏಳತಾನ."

"ಮತ್ತೆ ಒಂದೇ ಮುಖದ ಆ ಇಬ್ಬರು ಅಣ್ಣತಮ್ಮಂದಿರನ್ನ ಯಾಕೆ ಬೇರೆ ಮಾಡಿದಿರಿ?"

"ಅವರು ಒಂದಽ ಪಂಗತಿಯೊಳಗ ಕುಂತ್ರ ಒಬ್ಬರ ಮುಖ ಒಬ್ಬರು ನೋಡಿ ಇಬ್ರೂ ಅರೆಹೊಟ್ಟಿಲೆ ಏಳತಾರ. ಹಿಂಗಾಗಿ ಒಬ್ಬಾಂವ ಮೊದಲನೇ ಪಂಗತಿ, ಒಬ್ಬಾಂವ ಎರಡನೇದು. ಇಬ್ರೂ ಒಳ್ಳೆಯವರಽ ಮತ್ತ. ಕೂಡಿ ಕುಂಡ್ರಬಾರದಷ್ಟ." ಅವಳು ಲೋಟ ಕೆಳಗಿಟ್ಟಳು. "ಅನ್ನ ಎಲ್ಲಾರಿಗೂ ಅಷ್ಟಽ ಇರತೈತ್ರಿ. ಯಾರ ಹೊಟ್ಟಿಗೆ ಎಷ್ಟು ಮುಟ್ಟತೈತಿ ಅನ್ನೂದು ಯಾರ ಬಾಜೂಕ ಯಾರು ಕುಂತಾರ ಅನ್ನೂದರ ಮ್ಯಾಲೆ."

ನೀಲಾಂಬಿಕಾ ಆ ಖಾಲಿ ಚಾಪೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅವ್ವಾ, ದಾಕ್ಷಾಯಣಿಗೆ ಪುಡಿ ಹೆಂಗ ಕೊಡ್ತೀರಿ?"

ಬಂಗಾರೆವ್ವ ಹೆಮ್ಮೆಯಿಂದಲೇ ಹೇಳಿದಳು. ಲಿಂಗಪೂಜೆ, ಎಮ್ಮೆಯ ಹಾಲು, ಮೂರು ಉಕ್ಕು, ಖಾಲಿ ಹೊಟ್ಟೆ. ಬಾಯಿ ಕಹಿಯಾಗುತ್ತದೆಂದು ಆಮೇಲೊಂದು ಗಟ್ಟಿ ಚಹಾ. ಒಂದು ದಿನವೂ ತಪ್ಪಿಸಿಲ್ಲ; ಊರಲ್ಲಿ ಯಾರೂ ತಪ್ಪಿಸುವುದಿಲ್ಲ.

ನೀಲಾಂಬಿಕಾ ಅವಳ ಕೈ ಹಿಡಿದು ಚಾಪೆಯ ಅಂಚಿಗೆ ಕೂರಿಸಿದಳು. ಆ ಚಾಪೆಯನ್ನೇ ತೋರಿಸಿ ಹೇಳಿದಳು.

"ಕಬ್ಬಿಣ ನಿಮ್ಮ ಬಸಲಿಂಗ ಇದ್ದಂಗ. ತಾನಾಗಿ ಒಳಗೆ ಹೋಗೋದಿಲ್ಲ, ನಾಚಿಗಿ. ಪಕ್ಕದಾಗ ಲಿಂಬಿಹುಳಿ, ನೆಲ್ಲಿಕಾಯಿ, ಪುಂಡಿಪಲ್ಯ ಇದ್ರೆ ಕೈ ಹಿಡಿದು ಒಳಗೆ ಕರ್ಕೊಂಡು ಹೋಗ್ತಾವೆ. ಅವುಗಳೊಳಗಿರೋ ಸಿ ಜೀವಸತ್ವದ ಕೆಲಸ ಅದು. ಪುಡಿಯೊಳಗೂ ಅದನ್ನ ಹಾಕಿರ್ತೀವಿ. ಆದರೆ ಅದು ಬಾಳ ಸೂಕ್ಷ್ಮ, ಕುದಿಸಿದರೆ ಸತ್ತುಹೋಗ್ತದೆ."

"ಮೂರು ಉಕ್ಕು" ಎಂದಳು ಬಂಗಾರೆವ್ವ.

"ಹಾಲಿನೊಳಗಿರೋದು ಸುಣ್ಣದ ಸತ್ವ. ಅದೂ ಬೇಕು, ಕೂಸಿನ ಎಲುಬಿಗೆ. ಆದರೆ ಅದೂ ಕಬ್ಬಿಣವೂ ಒಂದೇ ಬಾಗಿಲಿಗೆ ಒಟ್ಟಿಗೆ ಬಂದ್ರೆ ತಳ್ಳಾಟ. ಅಣ್ಣತಮ್ಮಂದಿರು. ಒಬ್ಬರು ಮಧ್ಯಾಹ್ನ, ಒಬ್ಬರು ಸಂಜೆ ಬರಬೇಕು. ಚಹಾದ ಒಗರಂತೂ ಬಾಗಿಲಿಗೆ ಅಗಳಿ ಹಾಕಿಬಿಡ್ತದೆ. ಮತ್ತೆ ಎ, ಡಿ ಜೀವಸತ್ವಕ್ಕೆ ಎಣ್ಣೆ ಬೆಣ್ಣೆಯ ಸಂಗಡ ಬೇಕು. ಸೊಪ್ಪಿನೊಳಗಿರೋ ಫೋಲಿಕ್ ಸತ್ವ ಇಲ್ಲದಿದ್ರೆ ಕಬ್ಬಿಣ ಇದ್ದೂ ರಕ್ತ ಕಟ್ಟೋದಿಲ್ಲ."

ಬಂಗಾರೆವ್ವ ತನ್ನ ಬರಿದಾದ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಸವರಿಕೊಳ್ಳುತ್ತ ಕೂತಿದ್ದಳು.

"ಹಂಗಾದ್ರ" ಎಂದಳು ಕೊನೆಗೆ, "ಊರಿಗೆಲ್ಲ ಪಂಗತಿ ಹಚ್ಚಾಕಿ, ನನ್ನ ಸೊಸಿ ಹೊಟ್ಟ್ಯಾಗ ಎಲ್ಲಾರ್ನೂ ಅಡ್ಡಾದಿಡ್ಡಿ ಕುಂಡ್ರಿಸಿದೆ. ಪ್ರಸಾದ ಅಂತ ಆಕಿಗೆ ನಾನಽ ಅಡ್ಡ ನಿಂತೆ. ಅಲ್ಲೇನವ್ವಾ?"

"ನೀವೊಬ್ಬರೇ ಅಲ್ಲ. ಎಲ್ಲಾನೂ ಒಂದೇ ಚಮಚದಾಗ ಸುರಿಯೋ ಪೆಟ್ಟಿಗೆ ಮಾಡಿದಾಕಿ ನಾನು. ನಿಮಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು."

ಬಂಗಾರೆವ್ವ ಅವಳ ಮುಖ ನೋಡಿದಳು. ಸಿಟ್ಟಿಗೆ ಜಾಗ ಹುಡುಕಿ, ಸಿಗದೆ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಎದ್ದು ನೇರ ಅಜ್ಜನವರ ಮುಂದೆ ಹೋಗಿ ನಿಂತು ನಡೆದದ್ದನ್ನೆಲ್ಲ ಹೇಳಿದಳು.

ಅಜ್ಜನವರಿಗೆ ಕಿವಿ ಮಂದ. ಎರಡು ಸಲ ಕೇಳಿಸಿಕೊಂಡರು.

"ಪ್ರಸಾದ ಅಂತ ಅಂದಿದ್ದೆ. ಹಾಲಾಗ ಕುದಿಸು ಅಂತ ಯಾವಾಗ ಅಂದೆ ಬಂಗಾರೆವ್ವಾ?"

"ಪಲ್ಯದಾಗ ಕಲಿಸಿದ್ರ ಮೈಲಿಗಿ ಆಕ್ಕೈತಿ ಅಂತ..."

"ಪಲ್ಯಾನೂ ಪ್ರಸಾದನಽ, ತಾಯಿ. ಪುಡಿ ಬರೂಕಿಂತ ಮೊದಲ ಅದೊಂದಽ ಇತ್ತು. ಅದನ್ಯಾಕ ಬಿಟ್ಟಿ?"

*

ಪೆಟ್ಟಿಗೆಯ ಬುದ್ಧಿ ತಿದ್ದಲು ಮೇಲಿನ ಕಚೇರಿಯ ಒಪ್ಪಿಗೆ ಬೇಕಿತ್ತು. ವರ್ಷಕ್ಕೊಮ್ಮೆ ಸೇರುವ ಸಮಿತಿಗೆ ಇನ್ನೂ ಐದು ತಿಂಗಳಿತ್ತು. ದಾಕ್ಷಾಯಣಿಯ ಬಳಿ ಇದ್ದದ್ದು ಎರಡು ತಿಂಗಳು ಮತ್ತು ಕೆಲವು ದಿನ. ನೀಲಾಂಬಿಕಾ ಅವಳ ಪೆಟ್ಟಿಗೆಯನ್ನು ಯಂತ್ರದ ಹಿಡಿತದಿಂದ ಬಿಡಿಸಿ ತನ್ನ ಕೈಗೆ ತೆಗೆದುಕೊಂಡಳು. ಹಾಗೆ ಮಾಡಿದವರು ಏನಾದರೂ ಎಡವಟ್ಟಾದರೆ ಉತ್ತರ ಕೊಡಬೇಕು ಎಂಬ ಕಾಗದಕ್ಕೆ ರುಜು ಹಾಕಿದಳು.

"ಮೇಡಂ, ನಾನೂ ಒಂದು ರುಜು ಹಾಕ್ಲೇನ್ರಿ? ಹೆಂಗಿದ್ರೂ ಒಂದು ವರ್ಷ ಉಳದೇತಿ. ಮನಿಗೆ ಕಳಸೂದಾದ್ರ ಇಬ್ರನೂ ಕೂಡಿಸಿ ಕಳಸ್ತಾರ" ಎಂದ ಫಕೀರಸಾಬ್. ಹಾಕಿಯೇ ಬಿಟ್ಟ.

ಕಬ್ಬಿಣದ ಪುಡಿ ಅರ್ಧಕ್ಕಿಳಿಯಿತು. ಅದನ್ನು ಮಧ್ಯಾಹ್ನದ ಊಟಕ್ಕೆ ಇಟ್ಟರು. ಸತುವನ್ನು ತಗ್ಗಿಸಿದರು. ಸುಣ್ಣದ ಪುಡಿ ಸಂಜೆಯ ಹಾಲಿನ ಜೊತೆ, ಎ ಮತ್ತು ಡಿ ರಾತ್ರಿಯ ಊಟದ ಒಗ್ಗರಣೆಯ ಜೊತೆ. ಬಿ ಹನ್ನೆರಡು ಎಂಬುದು ಸೊಪ್ಪಿನಲ್ಲಿ ಸಿಗದು, ಅದು ಪುಡಿಯಲ್ಲೇ ಇರಲಿ ಎಂದಳು ನೀಲಾಂಬಿಕಾ. ಬಂಗಾರೆವ್ವ ಅಟ್ಟದ ಮೇಲಿಂದ ಕಬ್ಬಿಣದ ಬಾಣಲೆ ಇಳಿಸಿ, ತುಕ್ಕು ತಿಕ್ಕಿ, ಪುಂಡಿಪಲ್ಯ ಮಾಡಿದಳು. ಮಡಕಿಕಾಳನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದಳು. ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ, ಗುರೆಳ್ಳ ಹಿಂಡಿ, ಕುಟ್ಟಿದಳು. ಸೊಸೆಯ ತಾಟಿನ ಮೇಲೆ ಅರ್ಧ ಲಿಂಬೆಹಣ್ಣು ಹಿಂಡುವ ಮೊದಲು ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಹಳೆಯ ಭಕ್ತಿ ಬಟ್ಟಲಿನಿಂದ ತಾಟಿಗೆ ಬಂದಿತ್ತು, ಅಷ್ಟೇ.

"ಚಹಾ?" ಎಂದು ದಾಕ್ಷಾಯಣಿ ಆಸೆಯಿಂದ ಕೇಳಿದಳು.

"ಉಂಡು ಎರಡು ತಾಸು ಆಗಲಿ."

"ಎರಡು ತಾಸು ಅಂದ್ರ ಜೀವ ಹೋಕ್ಕೈತ್ರಿ."

"ಹೋಗಬಾರದಂತನಽ ಎರಡು ತಾಸು."

ಮೊದಲ ವಾರ ಅಂಕಿ ಅಲುಗಲಿಲ್ಲ. ಎರಡನೆಯ ವಾರ ವಾಂತಿ ನಿಂತಿತು. ಮೂರನೆಯ ವಾರ ಫಕೀರಸಾಬ್ ಪರದೆಯ ಮುಂದೆ ಕೂತು, "ಎಂಟು ಪಾಯಿಂಟ್ ಮೂರು" ಎಂದು, ಹಣೆಗೆ ಕೈ ಮುಟ್ಟಿಸಿ ಅಲ್ಲಾಹನ ಹೆಸರು ಹೇಳಿದ. ಐದನೆಯ ವಾರಕ್ಕೆ ಒಂಬತ್ತು ದಾಟಿತು. ಊರ ಹೆಂಗಸರು ಬಂಗಾರೆವ್ವನ ಅಡುಗೆಮನೆಗೆ ಬಂದು ಇಣುಕಿ ಹೋಗತೊಡಗಿದರು. ಮನೆಮನೆಯ ಅಟ್ಟದಿಂದ ಬಾಣಲೆಗಳು ಇಳಿದವು. ಹಾಲಿನ ಪಾತ್ರೆಯಿಂದ ಪುಡಿ ಹೊರಗೆ ಬಂತು. ಪರದೆಯ ಮೇಲೆ ಸಂಗಮನಾಳದ ಕೆಂಪು ಒಂದೊಂದಾಗಿ ಮಾಸಿತು.

ಒಂಬತ್ತನೆಯ ವಾರ ದಾಕ್ಷಾಯಣಿಗೆ ಬೇನೆ ಬಂತು. ಅಂದು ಅವಳ ಅಂಕಿ ಹತ್ತೂವರೆ.

ತಾಲೂಕು ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗೆ ಬಂಗಾರೆವ್ವ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದಳು. ಅವಳ ಮಗ ಗುರುಶಾಂತ ಅತ್ತಿಂದಿತ್ತ ಓಡಾಡುತ್ತಿದ್ದ. ಮಧ್ಯಾಹ್ನ ಎರಡಕ್ಕೆ ಮಗುವಿನ ಅಳು ಕೇಳಿತು; ಗಂಡು ಎಂದು ಒಳಗಿನಿಂದ ಯಾರೋ ಕೂಗಿ ಹೇಳಿದರು. ಆಮೇಲೆ ಒಳಗಿನಿಂದ ಯಾರೂ ಬರಲಿಲ್ಲ. ನರ್ಸೊಬ್ಬಳು ಬಟ್ಟೆಗಳನ್ನು ಎತ್ತಿಕೊಂಡು ಬೇಗಬೇಗ ಹೋದಳು. ಹೋದ ಸಲದ ಹಾಗೆಯೇ. ಬಂಗಾರೆವ್ವನ ತುಟಿಯ ಮೇಲಿದ್ದ ಮಂತ್ರ ಅಲ್ಲಿಯೇ ನಿಂತಿತು.

ಮುಕ್ಕಾಲು ತಾಸಿನ ನಂತರ ಡಾಕ್ಟರು ಹೊರಗೆ ಬಂದು ಕೈಗವಸು ಬಿಚ್ಚಿದಳು. "ಈ ಸಲಾನೂ ಬಹಳ ರಕ್ತ ಹೋಯ್ತು. ಆದ್ರೆ ತಾಳಿಕೊಂಡಳು. ಹೋಗೋದಕ್ಕೂ ಮೊದಲು ಇರಬೇಕಲ್ಲ ಅವ್ವಾ, ಈ ಸಲ ಇತ್ತು."

*

ಸಮಿತಿ ಸೇರಿದಾಗ ನೀಲಾಂಬಿಕಾ ಮೊದಲು ತನ್ನ ತಪ್ಪನ್ನು ಓದಿದಳು, ಆಮೇಲೆ ಸಂಗಮನಾಳದ ಪರದೆ ತೋರಿಸಿದಳು. ಬಹಳ ಮಾತಾಯಿತು. ಕೊನೆಗೆ ಪೆಟ್ಟಿಗೆ ದಿನಕ್ಕೆ ಒಂದು ಸಲದ ಬದಲು ಮೂರು ಸಲ ಪುಡಿ ಕೊಡುವುದಾಯಿತು. ಕೊಡುವ ಮುನ್ನ ಇವತ್ತು ತಾಟಿನಲ್ಲಿ ಏನಿದೆ ಎಂದು ಕೇಳುವುದಾಯಿತು. ಆ ಹೊಸ ಬುದ್ಧಿಗೆ ಅವಳು ಪಂಗತಿ ಎಂದು ಹೆಸರಿಟ್ಟಳು.

ಮಗುವಿಗೆ ಮೂರು ತಿಂಗಳಾದಾಗ ದಾಕ್ಷಾಯಣಿ ಅದನ್ನು ಎತ್ತಿಕೊಂಡು ಮಠಕ್ಕೆ ಬಂದಳು. ಅಂದು ಸೋಮವಾರ, ಪಡಸಾಲೆ ತುಂಬಿತ್ತು. ಬಂಗಾರೆವ್ವ ಬುಟ್ಟಿ ಹಿಡಿದು ಬಡಿಸುತ್ತ ಸಾಲಿನ ನಡುವೆ ಬಂದಾಗ ಒಂದು ಕಂಬ ಹಿಡಿದು ನಿಂತು ಉಸಿರು ತೆಗೆದುಕೊಂಡಳು. ಅವಳು ಹಾಗೆ ನಿಲ್ಲುವುದನ್ನು ಊರೆಲ್ಲ ವರ್ಷಗಳಿಂದ ನೋಡಿತ್ತು. ಬಡಿಸುವವರಿಗೆ ದಣಿವು ಸಹಜ ಎಂದುಕೊಂಡಿತ್ತು.

ದಾಕ್ಷಾಯಣಿ ಮಗುವನ್ನು ಶಂಕ್ರೆವ್ವನ ಮಡಿಲಿಗೆ ಹಾಕಿ, ಸೊಂಟದ ಗಂಟಿನಿಂದ ಕಂಕಣ ತೆಗೆದಳು. ಮನೆಯ ಗೋಡೆಯ ಮೊಳೆಯಿಂದ ಬಿಚ್ಚಿ ತಂದದ್ದು.

"ಕೈ ಕೊಡ್ರಿ ಅತ್ತಿ."

"ಬಡಸೂ ಮುಂದ ಅದನ್ನ ಹಾಕ್ಕೊಳ್ಳಾಂಗಿಲ್ಲ."

"ಗೊತ್ತೈತಿ. ಅದಕ್ಕಽ ಬುಟ್ಟಿ ಕೊಡ್ರಿ."

ತನ್ನ ಕಂಕಣ ಕಳಚಿ ಸೊಂಟಕ್ಕೆ ಸಿಕ್ಕಿಸಿದ ಸೊಸೆಯ ಕೈಗೆ ಬುಟ್ಟಿ ಹೋಯಿತು. ಕಂಕಣ ಅತ್ತೆಯ ಕೈಗೆ ಬಂತು. ಅತ್ತ ಅನ್ನಕೇಂದ್ರದಲ್ಲಿ ಫಕೀರಸಾಬ್ ಚಹಾದ ಲೋಟ ಕೆಳಗಿಟ್ಟು ಪರದೆಯ ಹತ್ತಿರ ಬಂದ. "ಮೇಡಂ, ಆ ಬೂದು ಚುಕ್ಕಿ ಕೆಂಪಾತು ನೋಡ್ರಿ. ಏಳೂವರೆ." ನೀಲಾಂಬಿಕಾ ಎದ್ದು ಬಂದು ನೋಡಿದಳು. ಕೆಂಪು ಚುಕ್ಕಿ ಕಂಡು ಅವಳಿಗೆ ಸಮಾಧಾನವಾದದ್ದು ಅದೇ ಮೊದಲು. ಆಮೇಲೆ ನೋಡೋಣ ಎಂದು ತಾನೇ ಅಂದಿದ್ದ ಚುಕ್ಕಿ ಅದು.

"ನಾ ಬಡಸಾಕಿ, ದಾಕ್ಷಿ. ಉಣ್ಣಾಕಿ ಅಲ್ಲ" ಎನ್ನುತ್ತಿದ್ದಳು ಬಂಗಾರೆವ್ವ, ಪಡಸಾಲೆಯಲ್ಲಿ.

"ಇವತ್ತು ಉಣ್ಣಾಕಿ. ಕುಂಡ್ರಿ."

"ಎಲ್ಲಿ ಕುಂಡ್ರಲಿ?" ಎಂದು ಅವಳು ಸಾಲನ್ನು ನೋಡಿದಳು. ಮೂವತ್ತು ವರ್ಷ ಊರಿಗೆಲ್ಲ ಜಾಗ ತೋರಿಸಿದ ಕೈ, ತನಗೊಂದು ಜಾಗ ತಿಳಿಯದೆ ಗಾಳಿಯಲ್ಲಿ ನಿಂತಿತು.

ದಾಕ್ಷಾಯಣಿ ಆ ಕೈ ಹಿಡಿದು ಅತ್ತೆಯನ್ನು ಶಂಕ್ರೆವ್ವನ ಪಕ್ಕದಲ್ಲಿ ಕೂರಿಸಿದಳು. ಎಲೆ ಹಾಸಿ, ರೊಟ್ಟಿ ಇಟ್ಟು, ಪುಂಡಿಪಲ್ಯ ಬಡಿಸಿ, ಅರ್ಧ ಲಿಂಬೆಹಣ್ಣು ಕಣ್ಣಿಗೊತ್ತಿಕೊಂಡು ಹಿಂಡಿದಳು. ಬಂಗಾರೆವ್ವ ತಲೆ ತಗ್ಗಿಸಿ ಒಂದು ರೊಟ್ಟಿ ತಿಂದು, ಎಲೆಯ ಮೇಲೆ ಕೈ ಅಡ್ಡ ಹಿಡಿದು, "ಸಾಕವ್ವಾ" ಎಂದಳು.

ಶಂಕ್ರೆವ್ವ ಮಗುವನ್ನು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಸರಿಸಿ, ಆ ಅಡ್ಡ ಹಿಡಿದ ಕೈಯನ್ನು ಎತ್ತಿ ಪಕ್ಕಕ್ಕಿಟ್ಟಳು.

"ಏ, ಈಕಿಗೆ ಹಾಕ್ರಿ" ಎಂದು ಪಡಸಾಲೆಗೆಲ್ಲ ಕೇಳುವಂತೆ ಒದರಿದಳು.